ಮನೆಗೆ ಬಣ್ಣ ಹಚ್ಚಿದ ಎಂಟು ದಿನ

(ರಾಜ್ಯೋತ್ಸವದ ಅಂಗವಾಗಿ ನಡೆದ ಕುಟುಂಬ ಸಮ್ಮೇಳನದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಮಾತನಾಡುವವರು ಕವಿರಾಜಮಾರ್ಗದಿಂದ ಆರಂಭಿಸುವುದು ವಾಡಿಕೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತೆಂದು ಆ ಗ್ರಂಥ ಹೇಳುತ್ತದಷ್ಟೆ. ಹಾಗಾದರೆ ಪವನಾ ನದಿಯ ದಂಡೆಯ ನಮ್ಮ ಈ ಚಿಂಚವಾಡವೂ ಅದರೊಳಗೇ ಬಂದಂತಾಯಿತೆಂದು ನಾವೆಲ್ಲ ಒಮ್ಮೆ ಎದೆಯುಬ್ಬಿಸಿ, ಉಪ್ಪಿಟ್ಟು ತಿಂದು, ಮನೆಗೆ ಹೋಗಿ ಮಕ್ಕಳೊಡನೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತನಾಡುತ್ತೇವೆ. ಗ್ರಂಥಗಳ ವಿಷಯ ಹೇಳುವಷ್ಟು ಪಾಂಡಿತ್ಯ ನಮಗಿಲ್ಲ. ನಾವು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಗುಮಾಸ್ತಗಿರಿ. ಕುಟುಂಬ ಜೀವನವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ಯೋಚನೆಗಿಟ್ಟುಕೊಂಡಿತು. ನಮಗೆ ಚೆನ್ನಾಗಿ ಗೊತ್ತಿರುವ ಕುಟುಂಬವೆಂದರೆ ನಮ್ಮದೊಂದೇ. ಅದರಲ್ಲಿ ಈಚೆಗೆ ನಡೆದ ದೊಡ್ಡ ಘಟನೆಯೆಂದರೆ ಮನೆಗೆ ಬಣ್ಣ ಹಚ್ಚಿದ್ದು. ಆದುದರಿಂದ ಅದನ್ನೇ ಹೇಳುತ್ತೇವೆ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು "ಬಣ್ಣ ಹಚ್ಚಿ ನೋಡು" ಎಂದು ಯಾಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಆಗ ಅದು ಎದೆಗುಂದುವಂಥ ಕೆಲಸವೇ ಆಗಿರಲಿಲ್ಲ. ಮಹಾನವಮಿಗೋ ದೀಪಾವಳಿಗೋ ಮುಂಚೆ ಮನೆಮಂದಿಯೇ ಸೇರಿ ಸುಣ್ಣ ಹಚ್ಚಿ ಮುಗಿಸುತ್ತಿದ್ದರು. ಈಗ ನಮ್ಮ ಊರಿನಲ್ಲಿ ಬಣ್ಣದ ಗುತ್ತಿಗೆದಾರನೊಬ್ಬನನ್ನು ಕರೆಸಿ ಕೇಳಿದರೆ, ಆತ ಕೋಣೆಯಿಂದ ಕೋಣೆಗೆ ನಡೆದು, ಗೋಡೆಯನ್ನು ಬೆರಳಿನಿಂದ ಬಡಿದು, ವೈದ್ಯರಂತೆ ಮುಖ ಸಪ್ಪಗೆ ಮಾಡಿ, 42,000 ರೂಪಾಯಿ ಎಂದ. ನಮ್ಮದು 2009ರಲ್ಲಿ ಕಟ್ಟಿದ ಕಟ್ಟಡದಲ್ಲಿ ಎರಡು ಕೋಣೆ, ಒಂದು ನಡುಮನೆ, ಒಂದು ಅಡಿಗೆಮನೆ. ಅಷ್ಟಕ್ಕೆ ಇಷ್ಟೇ ಎಂದು ನಾವು ಕೇಳಿದೆವು. "ನೀವೇ ಹಚ್ಚಿಕೊಂಡರೆ ಅಗ್ಗ" ಎಂದು ಆತ ನಕ್ಕ. ಆತ ನಕ್ಕದ್ದರಿಂದಲೇ ನಮಗೆ ಹಟ ಹತ್ತಿತೆಂದು ಒಪ್ಪಿಕೊಳ್ಳಬೇಕು.

2024ರಲ್ಲಿ ದೀಪಾವಳಿಯೂ ರಾಜ್ಯೋತ್ಸವವೂ ಒಂದರ ಮಗ್ಗುಲಲ್ಲಿ ಒಂದು ಬಂದಿದ್ದವು. ದಸರೆ ಮುಗಿದ ಮೇಲೆ ನಾವು ಎಂಟು ದಿನ ರಜೆ ಹಾಕಿದೆವು. ಹಾಕಿದ ಆ ರಜೆಯಲ್ಲಿ ಊರಿಗೆ ಹೋಗಬಹುದಾಗಿತ್ತೆಂದು ನಮ್ಮ ಮನೆಯವರು ಮೊದಲ ದಿನ ನಾಲ್ಕು ಸಲ ಹೇಳಿದರು.

ಸಾಮಾನನ್ನೆಲ್ಲ ನಡುಮನೆಯ ಮಧ್ಯಕ್ಕೆ ಎಳೆದು, ಮೇಲೆ ಹಳೆಯ ಧೋತರ ಹೊದಿಸಿದೆವು. ಅದರಡಿಯಲ್ಲಿ ಟಿವಿಯೂ ಸೇರಿಹೋಯಿತು. ಐದು ಜನವೂ ಒಂದೇ ಕೋಣೆಯಲ್ಲಿ ಮಲಗಬೇಕಾಯಿತು: ನಾವಿಬ್ಬರು, ನಮ್ಮ ತಾಯಿ, ನಾಲ್ಕನೆಯ ಇಯತ್ತೆಯ ಮಗಳು, ಐದು ವರ್ಷದ ಮಗ. ಮಲಗಿದ ಮೇಲೆ ಮಾತಲ್ಲದೆ ಬೇರೆ ಏನೂ ಉಳಿದಿರಲಿಲ್ಲ. ತಾಯಿಯವರು ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯ ಸುಣ್ಣದ ಕಥೆ ತೆಗೆದರು.

ಈಗಿನ ಮಕ್ಕಳಿಗೆ ಸುಣ್ಣವೆಂದರೆ ಎಲೆಯಡಿಕೆಯ ಡಬ್ಬಿಯಲ್ಲಿರುವುದಷ್ಟೆ. ಆಗ ಭಟ್ಟಿಯಲ್ಲಿ ಸುಟ್ಟ ಸುಣ್ಣದ ಹರಳನ್ನು ಬಂಡಿಯಲ್ಲಿ ತರುತ್ತಿದ್ದರು. ಹರವಿಯಲ್ಲಿ ಹಾಕಿ ನೀರು ಹೊಯ್ದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುವುದು, ಹಬೆಯೇಳುವುದು; ಕಣ್ಣಿಗೆ ಸಿಡಿದೀತೆಂದು ಮಕ್ಕಳನ್ನು ಅಟ್ಟುವುದೇ ಅಜ್ಜಿಯರ ಕೆಲಸ. ಕುದಿತ ನಿಂತು ತಣ್ಣಗಾದ ಮೇಲೆ ಅರಿವೆಯಲ್ಲಿ ಸೋಸಿ, ಒಂದು ಹಿಡಿ ಉಪ್ಪು, ಸ್ವಲ್ಪ ಅಂಟು, ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಎಳೆಯುವರು. ಹಚ್ಚುವಾಗ ಏನೂ ಕಾಣದು, ನೀರು ಬಳಿದಂತೆ ಗೋಡೆ ಮಂಕಾಗಿಯೇ ಇರುವುದು. ಹೊಸ ಸೊಸೆಯಾಗಿದ್ದ ನಮ್ಮ ತಾಯಿಯವರು ಮೊದಲ ವರ್ಷ ಇದು ಹಿಡಿಯಲಿಲ್ಲವೆಂದು ಹೆದರಿ ಮೂರು ಸಲ ಹಚ್ಚಿದರಂತೆ. ಬೆಳಗಾಗೆದ್ದು ನೋಡಿದರೆ ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಆದರೆ ದಪ್ಪ ಹೆಚ್ಚಾಗಿ ಅಲ್ಲಲ್ಲಿ ಬಿರುಕು! ಅತ್ತೆಯವರು ಬೈಯಲಿಲ್ಲವಂತೆ, ಆದರೆ ನಮ್ಮ ಅಜ್ಜಿಯ ಸುಮ್ಮನಿರುವಿಕೆಯನ್ನು ಕಂಡವರಿಗೆ ಬೈಗುಳವೇ ವಾಸಿಯೆಂದು ಗೊತ್ತು.

ಸುಣ್ಣದ ಗುಣವೇ ಹಾಗೆ. ಹಸಿಯಿರುವಾಗ ಬೆಳಕು ತೂರುತ್ತದೆ, ಒಣಗುತ್ತ ಬಂದಂತೆ ಬೆಳ್ಳಗಾಗುತ್ತದೆ. ಮೇಲಾಗಿ ಅದು ಗಾಳಿಯೊಳಗಿನ ಇಂಗಾಲದ ಡೈ ಆಕ್ಸೈಡನ್ನು ಮೆಲ್ಲಗೆ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಕಲ್ಲನ್ನು ಸುಟ್ಟು, ಸುಟ್ಟದ್ದನ್ನು ನೀರಿನಲ್ಲಿ ಅರಳಿಸಿ, ಗೋಡೆಗೆ ಹಚ್ಚಿದರೆ ಅದು ಗೋಡೆಯ ಮೇಲೆ ಪುನಃ ಕಲ್ಲಾಗುತ್ತದೆಯೆಂಬುದನ್ನು ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ. ಪುಣೆಯ ಹಳೆಯ ವಾಡೆಗಳಲ್ಲಿಯೂ ಚಾಳುಗಳಲ್ಲಿಯೂ ನೆಲಕ್ಕೆ ಹಾಸಿರುವ ಶಹಾಬಾದಿ ಫರಸಿಯೂ ಸುಣ್ಣದ ಕಲ್ಲೇ, ಅದರ ಹೆಸರು ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದದಿಂದ ಬಂದದ್ದು ಎಂದೆವು. ಇದನ್ನು ನಂಬಿದಳು. ಮರುದಿನ ಶಾಲೆಯ ಗೆಳತಿಯರಿಗೆಲ್ಲ "ನಿಮ್ಮ ಅಜ್ಜಿಮನೆಯ ನೆಲ ನಮ್ಮೂರಿನದು" ಎಂದು ಸಾರಿ ಬಂದಳೆಂದು ಆಮೇಲೆ ತಿಳಿಯಿತು. ಕವಿರಾಜಮಾರ್ಗಕ್ಕಿಂತ ಇದು ಅವಳಿಗೆ ಬೇಗ ತಲೆಗೆ ಹತ್ತಿತು.

ಇನ್ನು ನಮ್ಮ ಕೆಲಸಕ್ಕೆ ಬರೋಣ. ಗುಮಾಸ್ತನಾದವನು ಮೊದಲು ಲೆಕ್ಕ ಮಾಡುತ್ತಾನೆ. ನಡುಮನೆ 14 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ನಾಲ್ಕು ಗೋಡೆ ಸೇರಿ 432 ಚದರಡಿ. ಬಾಗಿಲು ಕಿಟಕಿಗಳ 62 ಕಳೆದರೆ 370. ಎರಡು ಕೋಟಿಗೆ ಲೀಟರಿಗೆ 60 ಚದರಡಿಯೆಂದು ಹಿಡಿದರೆ ಆರು ಲೀಟರಿನ ಮೇಲೆ ಸ್ವಲ್ಪ. ಕೈ ಧಾರಾಳ ಮಾಡಿ ಏಳು ಲೀಟರು ತಂದೆವು. ಪ್ರೈಮರು ಎಂಬುದು ಅಂಗಡಿಯವರು ಹೆಚ್ಚಿಗೆ ಮಾರಲು ಹೂಡಿದ ಉಪಾಯವೆಂದು ತೀರ್ಮಾನಿಸಿ ಅದನ್ನು ಬಿಟ್ಟೆವು. ಮೂರು ಗೋಡೆ ಮುಗಿಯುವುದರೊಳಗೆ ಏಳು ಲೀಟರೂ ಮುಗಿಯಿತು. ಹಳೆಯ ಗೋಡೆ ಬೇಸಿಗೆಯ ಹೊಲದಂತೆ, ಎಷ್ಟು ಹೊಯ್ದರೂ ಕುಡಿಯುತ್ತದೆ. ಹಾಗೆ ಕುಡಿಯದಂತೆ ತಡೆಯುವುದೇ ಪ್ರೈಮರಿನ ಕೆಲಸವೆಂದು ನಮಗೆ ಹೇಳಿದವರು ಎದುರುಮನೆಯ ಕಾಕಾ.

ಈ ಕಾಕಾ ಅವರ ವಿಷಯ ಎರಡು ಮಾತು ಹೇಳಬೇಕು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು, ಅರವತ್ತರ ದಶಕದಿಂದ ಆಕುರ್ಡಿ ಪಿಂಪ್ರಿಗಳಲ್ಲಿ ಮೋಟಾರಿನ ಕಾರ್ಖಾನೆಗಳು ಎದ್ದವು, 1982ರಲ್ಲಿ ಮಹಾನಗರಪಾಲಿಕೆಯಾಯಿತು. ಅಂತೂ ನಮ್ಮೂರು ಕಾರ್ಖಾನೆಗಳಿಂದ ಬೆಳೆದ ಊರು. ಇಲ್ಲಿ ಯಾವ ಬಾಗಿಲು ತಟ್ಟಿದರೂ ಒಬ್ಬ ನಿವೃತ್ತ ಕುಶಲಿ ಸಿಕ್ಕುತ್ತಾರೆ. ಕಾಕಾ ಮೋಟಾರಿನ ಕಾರ್ಖಾನೆಯೊಂದರ ಬಣ್ಣದ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಅವರು ಹೇಳಿದ ಪ್ರಕಾರ, ಗಾಡಿಯ ಕವಚಕ್ಕೆ ನಾವು ಕಾಣುವ ಬಣ್ಣ ಬೀಳುವುದು ಕಟ್ಟಕಡೆಗೆ. ಅದಕ್ಕೆ ಮೊದಲು ಜಿಡ್ಡು ತೊಳೆಯುವುದು, ಮತ್ತೆ ತೊಳೆಯುವುದು, ಫಾಸ್ಫೇಟಿನ ಲೇಪ, ಆಮೇಲೆ ಇಡೀ ಕವಚವನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಪ್ರೈಮರು ಹಿಡಿಸುವುದು, ಕುಲುಮೆಯಲ್ಲಿ ಒಣಗಿಸುವುದು. "ಬಣ್ಣ ಹಚ್ಚುವ ವಿಭಾಗವೆಂದು ಹೆಸರು, ದಿನವೆಲ್ಲ ಮಾಡುತ್ತಿದ್ದುದು ತೊಳೆಯುವ ಕೆಲಸ" ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ನಮ್ಮ ತಾಯಿಯವರು ಅದನ್ನೇ ಮೊದಲ ದಿನವೇ ಹೇಳಿದ್ದರು: "ಮದಲ ಗ್ವಾಡಿ ಕೆರೀರಿ. ಬಣ್ಣ ಎಲ್ಲೂ ಓಡಿ ಹೋಗೂದಿಲ್ಲ." ತಾಯಿ ಹೇಳಿದರೆ ಕೇಳದವರು ಕಾರ್ಖಾನೆಯವರು ಹೇಳಿದರೆ ಕೇಳುತ್ತೇವೆ, ಏನು ಮಾಡುವುದು!

ಕಾಕಾ ಅವರಿಂದ ಇನ್ನೊಂದು ಉಪಕಾರವಾಯಿತು. ಚಿಕ್ಕ ಮಕ್ಕಳಿರುವವರೆಲ್ಲ ಗಮನವಿಟ್ಟು ಕೇಳಬೇಕು. ಎರಡನೆಯ ದಿನ ನಾವು ಮಗಳ ಕೈಗೂ ಮಗನ ಕೈಗೂ ಉಜ್ಜುಕಾಗದ ಕೊಟ್ಟು ಕಿಟಕಿಯ ಸರಳುಗಳ ಹಳೆಯ ಎಣ್ಣೆಬಣ್ಣವನ್ನು ಉಜ್ಜಲು ಕೂರಿಸಿದ್ದೆವು. ಮಕ್ಕಳು ಸಂತೋಷದಿಂದ ಉಜ್ಜುತ್ತಿದ್ದರು, ಧೂಳು ಮೂಗು ಬಾಯಿಗೆಲ್ಲ ಹತ್ತಿತ್ತು. ಕಾಕಾ ಒಳಗೆ ಬಂದವರೇ ಗದರಿ ಇಬ್ಬರನ್ನೂ ಎಬ್ಬಿಸಿ ಕೈಬಾಯಿ ತೊಳೆಸಿದರು. ಹಿಂದೆ ಎಣ್ಣೆಬಣ್ಣಗಳಲ್ಲಿ, ಮುಖ್ಯವಾಗಿ ಹಳದಿ ಕೆಂಪುಗಳಲ್ಲಿ, ಸೀಸ ಬೆರೆಸುತ್ತಿದ್ದರು. ಸೀಸದ ಧೂಳು ಮಕ್ಕಳ ಮಿದುಳಿಗೆ ವಿಷ. ಇಷ್ಟರವರೆಗೆ ಬಾಧಕವಿಲ್ಲವೆಂಬ ಮಿತಿಯೇ ಅದಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು, ಅಂದರೆ ರಾಜ್ಯೋತ್ಸವದ ದಿನವೇ. ಅದಕ್ಕೂ ಮೊದಲು ಹಚ್ಚಿದ ಬಣ್ಣ ನಿಮ್ಮ ಬಾಗಿಲು ಕಿಟಕಿಗಳ ಮೇಲಿದ್ದರೆ ಒಣಗಿದ್ದನ್ನು ಹಾಗೆಯೇ ಉಜ್ಜಬೇಡಿ. ಒದ್ದೆ ಮಾಡಿ ಉಜ್ಜಿ, ಒದ್ದೆ ಅರಿವೆಯಿಂದ ಒರೆಸಿ, ಮಕ್ಕಳನ್ನು ದೂರವಿಡಿ. ಮಕ್ಕಳಿಗೆ ಕೆಲಸ ಕಲಿಸುವ ಉತ್ಸಾಹದಲ್ಲಿ ನಾವು ಮಾಡಿದ್ದು ಇದು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುದಿನ ವೈದ್ಯರಲ್ಲಿಗೆ ಹೋದೆವು. ಅವರು ರಕ್ತ ಪರೀಕ್ಷೆ ಮಾಡಿಸಿ, ಭಯಪಡುವಂಥದ್ದಿಲ್ಲವೆಂದ ಮೇಲೆಯೇ ಕುಂಚ ಮುಟ್ಟಿದ್ದು.

ಮಾಳಿಗೆಯ ಕೆಳಗಣ ಭಾಗಕ್ಕೆ ಬಣ್ಣ ಹಚ್ಚುವುದು ನಮ್ಮಿಂದ ಆಗಲಿಲ್ಲ. ಹತ್ತು ನಿಮಿಷ ಕತ್ತೆತ್ತಿ ನಿಂತರೆ ತಲೆ ತಿರುಗುತ್ತದೆ, ಬಣ್ಣವೆಲ್ಲ ಮುಖದ ಮೇಲೆಯೇ. ಬೆಳಿಗ್ಗೆ ಕೂಲಿಯವರು ನಿಲ್ಲುವ ನಾಕಾಕ್ಕೆ ಹೋಗಿ ಒಬ್ಬರನ್ನು ಕರೆತಂದೆವು. ದಾರಿಯಲ್ಲಿ ಮರಾಠಿಯಲ್ಲಿಯೇ ಐವತ್ತು ರೂಪಾಯಿಗಾಗಿ ಚೌಕಾಸಿ ಮಾಡಿದೆವು. ಮನೆಯೊಳಗೆ ತಾಯಿಯವರ ಮಾತು ಕಿವಿಗೆ ಬಿದ್ದದ್ದೇ ತಡ, ಆತ "ಅವ್ವಾ, ನೀವು ಯಾವ ಊರಾವರು?" ಎಂದ. ಆತ ಯಾದಗಿರಿಯ ಕಡೆಯವನು. ನಮಗೆ ಆದ ನಾಚಿಕೆಯನ್ನು ಏನು ಹೇಳೋಣ? ಕನ್ನಡದವನೆಂದು ತಿಳಿದ ಮೇಲೆ ಚೌಕಾಸಿಗೆ ನಾಚಿದೆವೋ, ಮೂರು ದಿನ ಗೋಡೆಯೊಡನೆ ಗುದ್ದಾಡಿ ಆ ಕೂಲಿಯ ಬೆಲೆ ತಿಳಿದದ್ದರಿಂದ ನಾಚಿದೆವೋ, ಇನ್ನೂ ಬಗೆಹರಿದಿಲ್ಲ. ಐವತ್ತನ್ನಂತೂ ಕೊಟ್ಟೆವು.

ಬಣ್ಣದ ಆಯ್ಕೆಯ ಜಗಳಗಳನ್ನು ಬಿಟ್ಟುಬಿಡುತ್ತೇವೆ. ಅವು ನಿಮ್ಮ ಮನೆಯಲ್ಲಿಯೂ ಇದ್ದದ್ದೇ. ಆದರೆ ನಮ್ಮ ಮನೆಯವರ ಹಟ ಒಂದಿತ್ತು, ಅದು ನಡೆಯಿತು. ಅವರ ತವರು ಸಾಗರದ ಕಡೆ. ಅಲ್ಲಿ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಅರೆದ ಬಿಳಿ ಬಣ್ಣ, ಪುಂಡಿಯ ನಾರಿನ ಕುಂಚ, ದಾರವಿಟ್ಟಷ್ಟು ನೇರವಾದ ಗೆರೆಗಳು. ಮದುವೆಯಲ್ಲಿ ವಧೂವರರನ್ನು ಆ ಚಿತ್ತಾರದೆದುರು ಹಸೆಗೆ ಕೂರಿಸುವರು. ನಮ್ಮ ಮನೆಯವರು ನೆರೆಯ ಕೇರಿಯಲ್ಲಿ ನೋಡಿ ಬೆಳೆದವರಷ್ಟೆ, ಬರೆದವರಲ್ಲ. ಆದರೂ ಅಡಿಗೆಮನೆಯ ಬಾಗಿಲಿನ ಮೇಲೆ ಒಂದು ಗೇಣು ಅಗಲ ಕೆಮ್ಮಣ್ಣಿನ ಬಣ್ಣದ ಪಟ್ಟಿ ಎಳೆಸಿ, ಅದರ ಮೇಲೆ ಬಿಳಿ ಗೆರೆ ಬರೆಯಲು ಕುಳಿತರು. ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಬರೆದರು. ಮಗಳು ಪಕ್ಕದಲ್ಲಿ ಕುಳಿತು ದಾರ ಹಿಡಿದಳು. ಒಂದು ಮಧ್ಯಾಹ್ನವೆಲ್ಲ ತಾಯಿ ಮಗಳು ಹೀಗೆ ಕುಳಿತದ್ದನ್ನು ನಾವು ಮದುವೆಯಾದ ಮೇಲೆ ಕಂಡಿರಲಿಲ್ಲ. ಈಗಲೂ ಮೂರನೆಯ ಗೆರೆ ಸೊಟ್ಟಗೇ ಇದೆ.

ಇಷ್ಟರಲ್ಲಿ ಐದನೆಯ ದಿನ ಬಂತು. ನಡುಮನೆಯ ಬಾಗಿಲಿನ ಹಿಂದಿನ ಗೋಡೆಯೊಂದು ಉಳಿದಿತ್ತು. 2019ರಲ್ಲಿ ಊರಿನಿಂದ ನಮ್ಮಲ್ಲಿಗೆ ಬಂದ ನಮ್ಮ ತಂದೆಯವರ ಮಂಚ ಆ ಗೋಡೆಗೆ ತಾಗಿಯೇ ಇತ್ತು. 2023ರ ಆಷಾಢದಲ್ಲಿ ಅವರು ತೀರಿಕೊಂಡರು. ಮಂಚ ತೆಗೆದೆವು, ಗೋಡೆ ಹಾಗೆಯೇ ಇತ್ತು. ಅವರು ಒರಗಿ ಕೂರುತ್ತಿದ್ದಲ್ಲಿ ತಲೆಯೆಣ್ಣೆಯ ಗುಂಡನೆಯ ಕಲೆ. ಬಾಗಿಲು ತೆರೆದಾಗ ಮುಚ್ಚಿಹೋಗುವ ಮೂಲೆಯಲ್ಲಿ ಪೆನ್ಸಿಲಿನ ಬರಹ. ತಂದೆಯವರು ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಬರೆಯುತ್ತಾರೆಂದು ನಮಗೆ ಗೊತ್ತಿತ್ತು. ಗೋಡೆ ಹೊಲಸಾಗುತ್ತದೆಂದು ಒಂದೆರಡು ಸಲ ನಾವು ಅಂದದ್ದೂ ಉಂಟು. ಆಮೇಲೆ ಬಾಗಿಲು ಸದಾ ತೆರೆದೇ ಇರುತ್ತಿದ್ದುದರಿಂದ ಮರೆತುಬಿಟ್ಟಿದ್ದೆವು.

ಮಗಳು ಒದ್ದೆ ಅರಿವೆ ಹಿಡಿದು ಒರೆಸಲು ಹೋದವಳು ನಿಂತು, "ಅಪ್ಪಾ, ಇದೇನು ಚಿತ್ರ? ಈ ಸೊನ್ನೆಯ ಪಕ್ಕ ಇಬ್ಬರು ಯಾಕೆ ನಿಂತಿದ್ದಾರೆ?" ಎಂದು ಕೇಳಿದಳು.

ಅದು ೧॥ ಎಂದಿತ್ತು.

ಒಂದೂವರೆ ಲೀಟರು. ಹಳೆಯ ಲೆಕ್ಕದಲ್ಲಿ ಒಂದು ಗೀಟು ಕಾಲು, ಎರಡು ಗೀಟು ಅರ್ಧ. ಊರ ಅಂಗಡಿಗಳ ವಹಿಗಳಲ್ಲಿ ಹಾಗೆ ಬರೆಯುತ್ತಿದ್ದರು, ತಂದೆಯವರು ಅಲ್ಲಿ ಕಲಿತದ್ದು. ಮಗಳು ಮರಾಠಿ ಅಂಕಿ ಓದುತ್ತಾಳೆ, ಇಂಗ್ಲಿಷ್ ಅಂಕಿ ಓದುತ್ತಾಳೆ; ತನ್ನ ಅಜ್ಜನ ಕೈಯ ಅಂಕಿ ಅವಳಿಗೆ ಚಿತ್ರವಾಗಿತ್ತು. ತಪ್ಪು ಅವಳದಲ್ಲವೆಂದು ಹೇಳಬೇಕಾಗಿಲ್ಲ. ಅವಳನ್ನು ಕೂರಿಸಿ ಒಂದರಿಂದ ಒಂಬತ್ತರವರೆಗೆ ಅಲ್ಲಿಯೇ ಗೋಡೆಯ ಮೇಲೆ ಬರೆದು ತೋರಿಸಿದೆವು. ಹೇಗೂ ಬಣ್ಣ ಬೀಳುವ ಗೋಡೆಯಲ್ಲವೆ? ಅರ್ಧ ಗಂಟೆಯಲ್ಲಿ ಕಲಿತಳು. ಆಮೇಲೆ ಬೆರಳಿಟ್ಟು ಜೋರಾಗಿ ಓದತೊಡಗಿದಳು. 2022ರ ಜೂನ್, ೧॥ರಂತೆ ೪೫. ಜುಲೈ, ೪೬॥. ಆಗಸ್ಟ್, ೪೬॥. ಸೆಪ್ಟೆಂಬರ್...

"ಸೆಪ್ಟೆಂಬರಿನಿಂದ ಬರೀ ೧ ಇದೆ ಅಪ್ಪಾ. ೩೦. ಪಕ್ಕದಲ್ಲಿ ಏನೋ ಬರೆದಿದ್ದಾರೆ."

ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕಂತಿಗೆ ೧೫" ಎಂದಿತ್ತು. ಅಕ್ಟೋಬರದಲ್ಲಿ "೩೧, ಕಂತಿಗೆ ೧೫॥". ಹಾಗೆಯೇ ಕೆಳಗೆ, ತಿಂಗಳು ತಿಂಗಳೂ.

ಇಲ್ಲಿ ಸ್ವಲ್ಪ ವಿವರಿಸಬೇಕು. ಬ್ಯಾಂಕಿನವರಿಗೆ ಮನೆಸಾಲ ಅಗ್ಗವೆಂದು ಜನ ತಿಳಿದಿರುತ್ತಾರೆ. ಅದಕ್ಕೂ ಒಂದು ಮಿತಿಯುಂಟು. ಮಿತಿಯ ಮೇಲಿನದನ್ನು ನಾವು ಹೊರಗೆ ತಂದಿದ್ದೆವು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಜರ್ವ್ ಬ್ಯಾಂಕು ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು, ಅದರೊಡನೆ ನಮ್ಮ ಕಂತೂ ಏರಿತು. ಆ ಶ್ರಾವಣದಲ್ಲಿಯೋ ಭಾದ್ರಪದದಲ್ಲಿಯೋ ರಾತ್ರಿ ಅಡಿಗೆಮನೆಯಲ್ಲಿ ನಾವಿಬ್ಬರೂ ಪಿಸುಮಾತಿನಲ್ಲಿ ಲೆಕ್ಕ ಹಾಕುತ್ತಿದ್ದುದು ನೆನಪಿದೆ. ತಂದೆಯವರು ನಿದ್ದೆ ಹೋಗಿದ್ದಾರೆಂದೇ ತಿಳಿದಿದ್ದೆವು. ಅದೇ ದಿನಗಳಲ್ಲಿ ಒಂದು ಮುಂಜಾನೆ "ನನಗ ಹಾಲು ಒಗ್ಗವಲ್ದು, ವಾಯು ಆಗತೈತಿ. ಅರ್ಧ ಲೀಟರು ಕಡಿಮಿ ಮಾಡಂತ ಗವಳಿಗೆ ಹೇಳೀನಿ" ಎಂದರು. ವಯಸ್ಸಾದವರಿಗೆ ಹಾಗಾಗುತ್ತದೆಂದು ನಾವು ಒಪ್ಪಿದೆವು. ಎಷ್ಟು ಬೇಗ ಒಪ್ಪಿದೆವು! ತಿಂಗಳ ಹಾಲಿನ ಹಣ ಅವರ ಕೈಯಲ್ಲಿ ಎಂದಿನಂತೆಯೇ ಕೊಡುತ್ತಿದ್ದೆವು. ಉಳಿದದ್ದನ್ನು ಅವರು ಸಾಸಿವೆ ಡಬ್ಬಿಯಲ್ಲಿ ಹಾಕುತ್ತಿದ್ದರು. ಆ ಡಬ್ಬಿಯ ಹಣ ತಮ್ಮ ಜಾಣತನದ ಉಳಿತಾಯವೆಂದು ನಮ್ಮ ಮನೆಯವರು ತಿಳಿದಿದ್ದರು. ತಿಂಗಳ ಕೊನೆಗೆ ಕೈ ಹಿಡಿಯುತ್ತಿದ್ದುದು ಅದೇ.

ನಾವು ದಿನಕ್ಕೆ ನೂರಾರು ಖಾತೆ ನೋಡುವವರು. ಒಂದು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗದೆ ಕೂರುವ ಉದ್ಯೋಗ ನಮ್ಮದು. ನಮ್ಮ ಬಾಗಿಲ ಹಿಂದಿನ ಖಾತೆಯನ್ನು ಎರಡು ವರ್ಷ ತೆರೆದು ನೋಡಿರಲಿಲ್ಲ.

ತಾಯಿಯವರು ಒಳಗಿನಿಂದ ಬಂದರು. ಅವರಿಗೆ ಮೊದಲೇ ಗೊತ್ತಿತ್ತು. "ಹೇಳಬ್ಯಾಡ ಅಂದಿದ್ರು" ಎಂದರು, ಅಷ್ಟೆ. ನಮ್ಮ ಮನೆಯವರು ಬಣ್ಣದ ಬಕೀಟು ಬೋರಲು ಹಾಕಿ ಅದರ ಮೇಲೆ ಕುಳಿತವರು ಬಹಳ ಹೊತ್ತು ಏಳಲಿಲ್ಲ. ಈ ಗೋಡೆಯೊಂದನ್ನು ಹಾಗೆಯೇ ಬಿಡೋಣವೆಂದು ನಾವೆಂದೆವು. ತಾಯಿಯವರಿಗೆ ಅದು ಸರಿಬೀಳಲಿಲ್ಲ. ಹಬ್ಬಕ್ಕೆ ಮೂರು ಗೋಡೆ ಬೆಳ್ಳಗೆ, ಒಂದು ಗೋಡೆ ಕರ್ರಗೆ ಬಿಡುವುದು ಅವರೂ ಒಪ್ಪುತ್ತಿದ್ದ ಮಾತಲ್ಲವೆಂದರು. "ಹುಡಿಗಿ ಬರಕೊಳ್ಳಲಿ. ಆಮ್ಯಾಲ ಹಚ್ಚು" ಎಂದರು.

ಮಗಳು ತನ್ನ ಗಣಿತದ ವಹಿಯಲ್ಲಿ ಇದ್ದದ್ದನ್ನು ಇದ್ದಂತೆಯೇ, ಕನ್ನಡ ಅಂಕಿಗಳಲ್ಲಿಯೇ, ಗೀಟುಗಳ ಸಮೇತ ನಕಲು ಮಾಡಿದಳು. 2023ರ ಜೂನಿಗೆ ಲೆಕ್ಕ ನಿಂತಿತ್ತು, ಒಟ್ಟು ಹಾಕಿರಲಿಲ್ಲ. ಒಟ್ಟನ್ನು ಅವಳೇ ಹಾಕಿದಳು. ಹತ್ತು ತಿಂಗಳು, 303 ದಿನ, ಕಂತಿಗೆ ೧೫೧॥ ಲೀಟರು. ನಾವು ಎರಡು ಸಲ ಕೂಡಿ ನೋಡಿದೆವು, ತಾಳೆಯಾಯಿತು.

ಆಮೇಲೆ ಆ ಗೋಡೆಗೆ ಪ್ರೈಮರು ಹಚ್ಚಿ, ಎರಡು ಕೋಟು ಬಣ್ಣ ಹಚ್ಚಿದೆವು. ಪೆನ್ಸಿಲಿನ ಬರಹ ಮುಚ್ಚಿಹೋಯಿತು. ಎಂಟನೆಯ ದಿನ ಸಾಮಾನು ಅದರದರ ಜಾಗಕ್ಕೆ ಹೋಯಿತು, ಟಿವಿ ಹೊರಗೆ ಬಂತು, ಮಕ್ಕಳು ತಮ್ಮ ಕೋಣೆಗೆ ಹೋದರು. ಕೂಲಿ ಸೇರಿ ಒಟ್ಟು ಖರ್ಚು 17,860 ರೂಪಾಯಿ. ಹಾಲಿನ ಲೆಕ್ಕ ಈಗ ಮಗಳ ವಹಿಯಲ್ಲಿದೆ. ಗವಳಿಯನ್ನು ಮತ್ತೆ ಗೊತ್ತು ಮಾಡಿದ್ದೇವೆ, ದಿನಕ್ಕೆ ೧॥. ಅವಳು ಬರೆಯುತ್ತಾಳೆ, ಅವಳ ತಮ್ಮ ಗೀಟು ಎಳೆಯುತ್ತಾನೆ, ಕೆಲವೊಮ್ಮೆ ಮೂರು ಗೀಟು ಎಳೆದು ಹಾಲನ್ನು ಮುಕ್ಕಾಲಿಗೇರಿಸುತ್ತಾನೆ.

ದೀಪಾವಳಿಯ ಮುನ್ನಾದಿನ ಕಾಕಾ ನೋಡಲು ಬಂದರು. ಬಾಗಿಲು ಸರಿಸಿ ಆ ಗೋಡೆಯ ಮುಂದೆ ನಿಂತು, ಎರಡು ಕೋಟಿನ ಮೇಲೂ ನಸುಹಳದಿಯಾಗಿ ಮೂಡಿದ್ದ ತಲೆಯೆಣ್ಣೆಯ ಗುಂಡನೆಯ ಗುರುತನ್ನು ತೋರಿಸಿದರು. ಎಣ್ಣೆಯ ಕಲೆ ನೀರಿನ ಬಣ್ಣಕ್ಕೆ ಮಣಿಯುವುದಿಲ್ಲವಂತೆ, ಅದಕ್ಕೆಂದೇ ಬೇರೆ ಪ್ರೈಮರು ಉಂಟಂತೆ. ಹೆಸರು ಬರೆದುಕೊಟ್ಟರು. ನಾವು ಅದರ ಒಂದು ಸಣ್ಣ ಡಬ್ಬಿ ತಂದೆವು. ವರ್ಷವಾಯಿತು, ಅಟ್ಟದ ಮೇಲಿದೆ. ಇನ್ನೂ ಮುಚ್ಚಳ ತೆರೆದಿಲ್ಲ.